ತಮಿಳು ಬಾರದ ಮೇಷ್ಟ್ರಿಗೆ ಮದ್ರಾಸಿನ ಲೈಬ್ರರಿಯಲ್ಲಿ ಏನು ಕೆಲಸ?

ಹುಣಸೂರಿನಿಂದ ನಿವೃತ್ತ ಕನ್ನಡ ಮೇಷ್ಟ್ರೊಬ್ಬರ ಪತ್ರ ಬಂದಿದೆ. ಸಾರಾಂಶ ಇಷ್ಟು: "ನಿಮ್ಮ ಪ್ರವಾಸ ಸಂಚಿಕೆಯಲ್ಲಿ ಚೆನ್ನೈಗೆ ನಾಲ್ಕು ಪುಟ ಕೊಟ್ಟಿದ್ದೀರಿ. ಮರೀನಾ ಬೀಚು, ಕಪಾಲೀಶ್ವರ, ಟಿ. ನಗರದ ಸೀರೆ ಅಂಗಡಿ. ಒಂದು ಲೈಬ್ರರಿಯ ಹೆಸರಿಲ್ಲ, ಒಂದು ಪುಸ್ತಕದಂಗಡಿಯ ಹೆಸರಿಲ್ಲ. ಓದುವವರ ಪತ್ರಿಕೆಗೆ ಇದು ಶೋಭೆಯೇ? ಮುಂದಿನ ತಿಂಗಳು ಮಗನ ಮನೆಗೆ ಹೋಗುತ್ತಿದ್ದೇನೆ, ಎರಡು ದಿನ ನನ್ನ ಪಾಡಿಗೆ ನಾನು ತಿರುಗಬಹುದು. ಆದರೆ ತಮಿಳು ಬಾರದವನಿಗೆ ಅಲ್ಲಿನ ಲೈಬ್ರರಿಯಲ್ಲಿ ಏನು ಕೆಲಸ, ಅದನ್ನೂ ನೀವೇ ಹೇಳಿ." ಕೊನೆಗೆ, 1988ರಲ್ಲಿ ತಾವೇ ದುಡ್ಡು ಹಾಕಿ ಮಕ್ಕಳ ಪದ್ಯಗಳ ಪುಟ್ಟ ಪುಸ್ತಕ ಅಚ್ಚು ಹಾಕಿಸಿದ್ದನ್ನೂ ಒಂದು ಸಾಲಿನಲ್ಲಿ ಸೇರಿಸಿದ್ದಾರೆ.

ಮೇಷ್ಟ್ರೇ, ನಮಸ್ಕಾರ. ಬೈಗುಳ ತಲುಪಿತು. ಸರಿಯಾಗಿಯೇ ಬೈದಿದ್ದೀರಿ. ಆ ನಾಲ್ಕು ಪುಟ ಓಕೆ ಮಾಡಿದವನು ನಾನೇ, ಹಾಗಾಗಿ ಬೇರೆಯವರ ತಲೆಗೆ ಕಟ್ಟುವಂತಿಲ್ಲ.

ಮೊದಲು ನನ್ನ ಮರ್ಯಾದೆ ಹೋದ ಕಥೆ ಕೇಳಿಬಿಡಿ. ಬಹಳ ವರ್ಷಗಳ ಹಿಂದೆ ಒಂದು ದೊಡ್ಡ ಊರಿಗೆ ಹೋಗಿದ್ದೆ. ಒಂದೇ ದಿನದಲ್ಲಿ ಐದು ಲೈಬ್ರರಿ ನೋಡಬೇಕು ಅಂತ ಪಟ್ಟಿ ಬರೆದುಕೊಂಡಿದ್ದೆ. ಮೊದಲನೆಯದಕ್ಕೆ ಅವತ್ತು ವಾರದ ರಜೆ. ಎರಡನೆಯದರಲ್ಲಿ ಬ್ಯಾಗು ಒಳಗೆ ಬಿಡಲ್ಲ, ಇಡೋಕೆ ಜಾಗವೂ ಇಲ್ಲ ಅಂದರು. ಮೂರನೆಯದರಲ್ಲಿ ಬಾಗಿಲಲ್ಲಿ ಕೂತಿದ್ದವರು "ಏನು ಬೇಕು?" ಅಂತ ಕೇಳಿದರು. "ಸುಮ್ನೆ ನೋಡೋಕೆ ಬಂದೆ" ಅಂದೆ. ಅವರು ನನ್ನನ್ನೇ ಒಂದು ನಿಮಿಷ ನೋಡಿ, ಪೇಪರ್ ಓದುವ ಹಾಲ್ ಕಡೆ ಕೈ ತೋರಿಸಿದರು. ಉಳಿದ ಎರಡಕ್ಕೆ ಹೋಗುವ ಉತ್ಸಾಹವೇ ಉಳಿಯಲಿಲ್ಲ. ಅವತ್ತು ನಾನು ನೋಡಿದ್ದು ಒಟ್ಟು ಎರಡು ಗೇಟು, ಒಂದು ದಿನಪತ್ರಿಕೆ.

ತಪ್ಪು ನನ್ನದೇ ಬಿಡಿ. ಲೈಬ್ರರಿಯನ್ನು ಅರಮನೆ ನೋಡಿದ ಹಾಗೆ ನೋಡೋಕೆ ಹೋದರೆ ಕಪಾಟಿನ ಗಾಜು ಬಿಟ್ಟು ಬೇರೇನೂ ಕಾಣಲ್ಲ. ಅಲ್ಲಿಗೆ ಏನನ್ನಾದರೂ ಕೇಳಲು ಹೋಗಬೇಕು. ಜೇಬಿನಲ್ಲಿ ಒಂದು ಚೀಟಿ, ಅದರಲ್ಲಿ ಒಂದು ಪುಸ್ತಕದ ಹೆಸರು, ಅಷ್ಟೇ. "ಏನು ಬೇಕು?" ಅಂದಾಗ ಚೀಟಿ ಕೊಡಿ. ಆಮೇಲೆ ನೋಡಿ, ಅದೇ ಮನುಷ್ಯ ಎದ್ದು ನಿಂತು ನಿಮ್ಮ ಜೊತೆ ಬರುತ್ತಾರೆ. ನಿಮಗೆ ಎರಡು ಚೀಟಿ ನಾನೇ ಬರೆದುಕೊಡುತ್ತೇನೆ.

ಮೈಸೂರಿನಿಂದ ಕಾವೇರಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಸೆಂಟ್ರಲ್‌ನಲ್ಲಿ ಇಳಿಯುತ್ತೀರಿ. ಪಕ್ಕದಲ್ಲೇ ಲೋಕಲ್ ರೈಲುಗಳ ಸ್ಟೇಷನ್ನಿಗೆ ಮೂರ್ ಮಾರ್ಕೆಟ್ ಕಾಂಪ್ಲೆಕ್ಸ್ ಅಂತ ಹೆಸರು. ಆ ಜಾಗದಲ್ಲಿ ನಿಜಕ್ಕೂ ಒಂದು ಮಾರ್ಕೆಟ್ ಇತ್ತು. ಹಳೇ ಪುಸ್ತಕಕ್ಕೆ ಮದ್ರಾಸಿನಲ್ಲಿ ಅದೇ ಕಾಶಿ. 1985ರ ಮೇ ತಿಂಗಳಲ್ಲಿ ಬೆಂಕಿಗೆ ಹೋಯಿತು. ವ್ಯಾಪಾರಿಗಳಿಗೆ ಹತ್ತಿರದಲ್ಲೇ ಅಲ್ಲಿಕುಳಂ ಅನ್ನುವ ಕಡೆ ಮಳಿಗೆ ಕಟ್ಟಿಕೊಟ್ಟರು, ಹೆಸರು ಮಾತ್ರ ರೈಲಿಗೆ ಉಳಿಯಿತು. ಹಳಬರು ಇವತ್ತಿಗೂ ಆ ಬೆಂಕಿಯ ವಿಷಯ ಎತ್ತಿದರೆ ಮನೆಯವರು ಯಾರೋ ಹೋದ ಹಾಗೆ ಮಾತಾಡುತ್ತಾರೆ.

ಅಲ್ಲಿಂದ ಮೆಟ್ರೋದಲ್ಲಿ ಒಂದೇ ಸ್ಟಾಪ್, ಎಗ್ಮೋರ್. ಆಟೋದವರಿಗೆ ಕನ್ನೆಮರಾ ಅಂದರೆ ಕೆಲವೊಮ್ಮೆ ಆ ಹೆಸರಿನ ಹೋಟೆಲಿಗೆ ಕರೆದುಕೊಂಡು ಹೋಗಿಬಿಡಬಹುದು, ಅದಕ್ಕೇ "ಎಗ್ಮೋರ್ ಮ್ಯೂಸಿಯಂ" ಅನ್ನಿ. ಕನ್ನೆಮರಾ ಪಬ್ಲಿಕ್ ಲೈಬ್ರರಿ ಅದೇ ಆವರಣದಲ್ಲಿದೆ. ಇದರ ಹುಟ್ಟು ಮಜವಾಗಿದೆ. ಕಂಪನಿ ಸರ್ಕಾರದ ಅಧಿಕಾರಿಗಳನ್ನು ತಯಾರು ಮಾಡುತ್ತಿದ್ದ ಕಾಲೇಜು ಇಂಗ್ಲೆಂಡಿನ ಹೈಲಿಬರಿಯಲ್ಲಿತ್ತು. ಕಂಪನಿಯ ಕಾಲ ಮುಗಿಯಿತು, ಕಾಲೇಜೂ ಮುಚ್ಚಿತು. ಅಲ್ಲಿ ಹೆಚ್ಚಾಗಿ ಬಿದ್ದಿದ್ದ ಪುಸ್ತಕಗಳನ್ನು ಹಡಗಿಗೆ ಹಾಕಿ ಮದ್ರಾಸಿಗೆ ಕಳಿಸಿದರು, ಮದ್ರಾಸ್ ಸರ್ಕಾರ ಅವನ್ನು ಮ್ಯೂಸಿಯಮ್ಮಿಗೆ ತಳ್ಳಿತು. ಅಂದರೆ ಯಾರಿಗೋ ಬೇಡವಾದ ಪುಸ್ತಕಗಳಿಂದ ಶುರುವಾದದ್ದು. ಕಟ್ಟಡಕ್ಕೆ 1890ರಲ್ಲಿ ಗವರ್ನರ್ ಲಾರ್ಡ್ ಕನ್ನೆಮರಾ ಕಲ್ಲು ಹಾಕಿದ, 1896ರ ಡಿಸೆಂಬರಿನಲ್ಲಿ ಬಾಗಿಲು ತೆರೆಯಿತು.

ಹಳೇ ಹಾಲ್ ಇದೆಯಲ್ಲ, ಅದನ್ನು ನೋಡದೆ ಬರಬೇಡಿ. ಮೇಲೆ ಬಣ್ಣದ ಗಾಜು, ಕೆಳಗೆ ತೇಗದ ಕಪಾಟು, ಸುತ್ತ ಎಲೆ ಬಳ್ಳಿಯ ಕೆತ್ತನೆ. ಅದು ಎಲ್ಲ ಹೊತ್ತಿನಲ್ಲೂ ತೆರೆದಿರಲ್ಲ. ದಿನದ ಓಡಾಟವೆಲ್ಲ ಪಕ್ಕದ ಹೊಸ ಕಟ್ಟಡದಲ್ಲಿ. "ಪಳೈಯ ಬಿಲ್ಡಿಂಗ್ ಪಾಕ್ಕಣುಂ" ಅಂತ ಕೇಳಿ. ಪಾಕ್ಕಣುಂ ಅಂದರೆ ನೋಡಬೇಕು, ಪಳೈಯ ಅಂದರೆ ನಮ್ಮ ಹಳೆಯ. ಪಕಾರ ಹಕಾರವಾದ ಪಾಠವನ್ನು ನೀವು ಮೂವತ್ತು ವರ್ಷ ಮಕ್ಕಳಿಗೆ ಉರು ಹೊಡೆಸಿದ್ದೀರಿ, ಈಗ ಅದು ಉಪಯೋಗಕ್ಕೆ ಬರುತ್ತೆ. ಶುಕ್ರವಾರ ಮಾತ್ರ ಬೇಡ, ಅವತ್ತು ಪಕ್ಕದ ಮ್ಯೂಸಿಯಂ ರಜೆ. ಕಂಚಿನ ನಟರಾಜನನ್ನು ನೋಡದೆ ಬಂದರೆ ಮನೆಯವರು ಸುಮ್ಮನಿರಲ್ಲ.

ಈಗ ಮೊದಲನೇ ಚೀಟಿ. ದೇಶದಲ್ಲಿ ಯಾವ ಭಾಷೆಯಲ್ಲಿ ಪುಸ್ತಕ ಅಚ್ಚಾದರೂ ಪ್ರಕಾಶಕರು ತಮ್ಮ ಖರ್ಚಿನಲ್ಲಿ, 30 ದಿನದೊಳಗೆ, ನಾಲ್ಕು ಲೈಬ್ರರಿಗಳಿಗೆ ಒಂದೊಂದು ಪ್ರತಿ ಕಳಿಸಬೇಕು ಅಂತ 1954ರ ಕಾಯ್ದೆ ಹೇಳುತ್ತೆ. ಕೋಲ್ಕತ್ತ, ಮುಂಬೈ, ದೆಹಲಿಯದು ಮೂರು, ನಾಲ್ಕನೆಯದು ಈ ಕನ್ನೆಮರಾ. ಎಲ್ಲರೂ ಕಳಿಸಲ್ಲ, ಅದು ಬೇರೆ ಮಾತು. ನೀವು 1988ರಲ್ಲಿ ಕಳಿಸಿದ್ದಿರಾ ಮೇಷ್ಟ್ರೇ? ಪ್ರೆಸ್ಸಿನವರು ಕಳಿಸಿರಬಹುದಾ? ಹೋಗಿ ನಿಮ್ಮ ಪುಸ್ತಕವನ್ನೇ ಕೇಳಿ. ತಮಾಷೆ ಮಾಡುತ್ತಿಲ್ಲ. ಇಂಥದೇ ಒಂದು ದೊಡ್ಡ ಲೈಬ್ರರಿಯಲ್ಲಿ ನಾನು ತೀರಿಕೊಂಡ ಗೆಳೆಯನ ಕವನ ಸಂಕಲನ ಕೇಳಿದ್ದೆ. ಇಪ್ಪತ್ತು ನಿಮಿಷ ಬಿಟ್ಟು ತಂದುಕೊಟ್ಟರು. ನಡುವೆ ಎರಡು ಹಾಳೆ ಅಂಚು ಕತ್ತರಿಸದೆ ಹಾಗೇ ಅಂಟಿಕೊಂಡಿದ್ದವು. ಅಷ್ಟು ವರ್ಷ ಯಾರೂ ಅದನ್ನು ಪೂರ್ತಿ ಬಿಡಿಸಿರಲಿಲ್ಲ. ಆದರೆ ಪುಸ್ತಕ ಇತ್ತು. ಅವನ ಮನೆಯಲ್ಲೇ ಒಂದು ಪ್ರತಿ ಉಳಿದಿರಲಿಲ್ಲ.

ಮಧ್ಯಾಹ್ನಕ್ಕೆ ಹಿಗ್ಗಿನ್‌ಬಾಥಮ್ಸ್. ಮೌಂಟ್ ರೋಡ್, ಈಗಿನ ಅಣ್ಣಾ ಸಾಲೈ, ಎಲ್‌ಐಸಿ ಕಟ್ಟಡದ ಹತ್ತಿರ. 1844ರಲ್ಲಿ ಶುರುವಾದ ಅಂಗಡಿ. ದೇಶದಲ್ಲಿ ಇನ್ನೂ ನಡೆಯುತ್ತಿರುವ ಅತಿ ಹಳೆಯ ಪುಸ್ತಕದಂಗಡಿ ಅಂತ ಹೆಸರು. ಈಗಿನ ಬಿಳೀ ಕಟ್ಟಡ 1904ರದು. ಎತ್ತರದ ಸೂರು, ಕಪ್ಪು ಬಿಳುಪು ಚೌಕದ ನೆಲ. ನಮ್ಮ ವಯಸ್ಸಿನವರಿಗೆ ಈ ಹೆಸರು ರೈಲ್ವೆ ಸ್ಟೇಷನ್ನಿನ ಸ್ಟಾಲಿನಿಂದಲೇ ಗೊತ್ತು, ಅಲ್ವಾ? ರೈಲು ಹೊರಡೋಕೆ ಐದು ನಿಮಿಷ ಇರುವಾಗ ಅಪ್ಪನ ಕೈ ಎಳೆದು ಚಂದಮಾಮ ಕೊಡಿಸಿಕೊಂಡಿದ್ದೇವೆ. ಪುಸ್ತಕ ಜಾಸ್ತಿ ಬೇಕು, ದುಡ್ಡು ಕಡಿಮೆ ಖರ್ಚಾಗಬೇಕು ಅಂದರೆ ಟ್ರಿಪ್ಲಿಕೇನಿನ ಪೈಕ್ರಾಫ್ಟ್ಸ್ ರೋಡಿಗೆ ಹೋಗಿ, ಈಗ ಅದು ಭಾರತಿ ಸಾಲೈ. ಹಳೇ ಪುಸ್ತಕದವರು ಅಲ್ಲಿದ್ದಾರೆ. ಪಠ್ಯಪುಸ್ತಕವೇ ಜಾಸ್ತಿ, ತಾಳ್ಮೆ ಬೇಕು. ಹತ್ತಿರದಲ್ಲೇ ರತ್ನಾ ಕೆಫೆ. ಅಲ್ಲಿ ಇಡ್ಲಿ ಸಾಂಬಾರಿನಲ್ಲಿ ಮುಳುಗಿಯೇ ಬರುತ್ತೆ, ಚಟ್ನಿ ಬೇರೆ ಸಾಂಬಾರ್ ಬೇರೆ ಅನ್ನುವ ಮೈಸೂರಿನ ಶಿಸ್ತು ನಡೆಯಲ್ಲ.

ಎರಡನೇ ದಿನ ಕೋಟ್ಟೂರ್‌ಪುರಂ. ಅಣ್ಣಾ ಶತಮಾನೋತ್ಸವ ಗ್ರಂಥಾಲಯ, 2010ರಲ್ಲಿ ತೆರೆದದ್ದು. ಎಂಟೊಂಬತ್ತು ಅಂತಸ್ತಿನ ಗಾಜಿನ ಕಟ್ಟಡ. ಅಲ್ಲಿ ಬೋರ್ಡಿನ ಮೇಲೆ "ನೂಲಗಂ" ಅಂತ ಇರುತ್ತೆ. ತಮಿಳಿನಲ್ಲಿ ನೂಲ್ ಅಂದರೆ ಪುಸ್ತಕವೂ ಹೌದು, ದಾರವೂ ಹೌದು. ನಮಗೆ ದಾರ ಮಾತ್ರ ಉಳಿಯಿತು. ತೆರೆದ ಮರುವರ್ಷವೇ ಸರ್ಕಾರ ಬದಲಾಗಿ, ಇದನ್ನು ಮಕ್ಕಳ ಆಸ್ಪತ್ರೆ ಮಾಡುತ್ತೇವೆ ಅಂತ ಹೊರಟಿದ್ದರು. ಹೈಕೋರ್ಟ್ ತಡೆಯಿತು. ಮನೆಯಿಂದ ಸ್ವಂತ ಪುಸ್ತಕ ತಂದು ಕೂತು ಓದುವವರಿಗೇ ಒಂದು ವಿಭಾಗ ಇದೆ. ಪರೀಕ್ಷೆಗೆ ಓದುವ ಹುಡುಗರು ತುಂಬಿರುತ್ತಾರೆ. ಮಕ್ಕಳ ವಿಭಾಗದಲ್ಲಿ ದೊಡ್ಡದೊಂದು ಕೃತಕ ಮರ, ಮೊಮ್ಮಗು ಇದ್ದರೆ ಕರೆದುಕೊಂಡು ಹೋಗಿ.

ಆದರೆ ನಿಮ್ಮನ್ನು ಕಳಿಸುತ್ತಿರುವುದು ಗಾಜಿನ ಕಟ್ಟಡಕ್ಕಲ್ಲ. ಅದರೊಳಗೇ ಸರ್ಕಾರಿ ಓರಿಯಂಟಲ್ ಹಸ್ತಪ್ರತಿ ಲೈಬ್ರರಿ ಇದೆ. ಮೊದಲು ಮದ್ರಾಸ್ ವಿಶ್ವವಿದ್ಯಾಲಯದಲ್ಲಿತ್ತು. ಅಲ್ಲಿ ಕನ್ನಡದ ಓಲೆಗರಿಗಳೂ ಇವೆ. ಕಂಠ ಅನ್ನುವ ಕಬ್ಬಿಣದ ಮೊನೆಯ ಲೇಖನಿಯಲ್ಲಿ ಗೀಚಿ, ಮೇಲೆ ಮಸಿ ಎಣ್ಣೆ ಸವರಿ ಒರೆಸಿದಾಗ ಗೀಚಿದ ಜಾಗದಲ್ಲಿ ಮಾತ್ರ ಕಪ್ಪು ನಿಲ್ಲುತ್ತಲ್ಲ, ಆ ಅಕ್ಷರ. ಪದ ಪದದ ನಡುವೆ ಜಾಗ ಬಿಟ್ಟಿರುವುದಿಲ್ಲ. ಎಲ್ಲಿ ಒಡೆಯಬೇಕು ಅನ್ನುವುದು ಓದುವವನ ಜವಾಬ್ದಾರಿ. ಬಿಡಿಸಿ ಓದುವಷ್ಟರಲ್ಲಿ ನಿಮ್ಮ ಹಳಗನ್ನಡ ಎಷ್ಟು ಉಳಿದಿದೆ ಅಂತ ಗೊತ್ತಾಗುತ್ತೆ.

ಇಲ್ಲಿನ ಸಂಗ್ರಹದ ಬುನಾದಿಯಲ್ಲಿ ಒಂದು ಪಾಲು ಕಾಲಿನ್ ಮೆಕೆಂಜಿಯದು. 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದ ಕಂಪನಿಯ ಎಂಜಿನಿಯರ್. ಟಿಪ್ಪು ಬಿದ್ದ ಮೇಲೆ ಮೈಸೂರು ಸೀಮೆಯ ಸರ್ವೆ ಇವನ ಕೈಗೆ ಬಂತು. ನಕ್ಷೆ ಬರೆಯಲು ಬಂದವನು ಊರೂರಿನ ಕಥೆ ಕೂಡಿಸಲು ಶುರು ಮಾಡಿದ. ಊರು ಯಾರು ಕಟ್ಟಿದರು, ದೇವಸ್ಥಾನಕ್ಕೆ ಯಾರು ದತ್ತಿ ಬಿಟ್ಟರು, ಪಾಳೆಯಗಾರ ಎಷ್ಟು ಕಿತ್ತುಕೊಂಡ ಅಂತ ಶಾನುಭೋಗರು, ಊರ ಹಿರಿಯರು ಹೇಳಿದ್ದನ್ನೆಲ್ಲ ಬರೆಸಿದ. ಅವೇ ಕೈಫಿಯತ್ತುಗಳು. 1815ರಲ್ಲಿ ಇಡೀ ದೇಶಕ್ಕೆ ಮೊದಲ ಸರ್ವೇಯರ್ ಜನರಲ್ ಆದ, 1821ರಲ್ಲಿ ತೀರಿಕೊಂಡ. ಸಂಗ್ರಹವನ್ನು ಅವನ ಹೆಂಡತಿಯಿಂದ ಸರ್ಕಾರ ಒಂದು ಲಕ್ಷ ರೂಪಾಯಿಗೆ ಕೊಂಡುಕೊಂಡಿತು. ಒಂದಷ್ಟು ಲಂಡನ್ನಿಗೆ ಹೋಯಿತು, ಒಂದಷ್ಟು ಮದ್ರಾಸಿಗೆ ಬಂತು.

ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲೇ ಇದೆ ನೋಡಿ. ಈ ಮೆಕೆಂಜಿಗೆ ಕನ್ನಡ ಬರುತ್ತಿರಲಿಲ್ಲ, ತಮಿಳೂ ಇಲ್ಲ, ತೆಲುಗೂ ಇಲ್ಲ. ತಾನೇ ಹಾಗಂತ ಒಪ್ಪಿಕೊಂಡಿದ್ದ. ಕಾವಲಿ ವೆಂಕಟ ಬೋರಯ್ಯ ಮತ್ತು ಅವನ ತಮ್ಮಂದಿರನ್ನು ಜೊತೆಗಿಟ್ಟುಕೊಂಡು, ಕೇಳಿಸಿ ಬರೆಸಿ ಅಷ್ಟು ಕೂಡಿಸಿದ. ನಿಮಗೆ ಕನ್ನಡ, ಇಂಗ್ಲಿಷ್ ಎರಡೂ ಬರುತ್ತೆ, ಮಗ ತಮಿಳು ಮಾತಾಡುತ್ತಾನೆ. ಇನ್ನೇನು ಬೇಕು?

ಎರಡನೇ ಚೀಟಿಯಲ್ಲಿ ನಿಮ್ಮ ಊರಿನ ಹೆಸರು ಬರೆದುಕೊಳ್ಳಿ. ಹುಣಸೂರು, ಅಕ್ಕಪಕ್ಕದ ಪಿರಿಯಾಪಟ್ಟಣ, ಕೆ.ಆರ್. ನಗರದ ಕಡೆಯ ಹಳ್ಳಿಗಳು. ಹೋಗುವ ಮೊದಲು ಮೈಸೂರಿನಲ್ಲಿ ಎಂ.ಎಂ. ಕಲಬುರ್ಗಿಯವರು ಸಂಪಾದಿಸಿದ, ಹಂಪಿ ಕನ್ನಡ ವಿಶ್ವವಿದ್ಯಾಲಯ ತಂದ ಕೈಫಿಯತ್ತುಗಳ ಸಂಪುಟ ತಿರುವಿ ಹಾಕಿ. ಅಲ್ಲೇ ನಿಮ್ಮ ಸೀಮೆಯದು ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೂ ಮದ್ರಾಸಿನಲ್ಲಿ ಏನು ಕೇಳಬೇಕು ಅಂತ ತಿಳಿಯುತ್ತೆ.

ಹೊತ್ತಿದ್ದರೆ ಮರೀನಾ ಎದುರಿನ ಮದ್ರಾಸ್ ವಿಶ್ವವಿದ್ಯಾಲಯದ ಕೆಂಪು ಲೈಬ್ರರಿಯ ಮುಂದೆ ಒಂದು ಸಲ ಹಾದು ಬನ್ನಿ. ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಲೆಕ್ಕ ಹೇಳಿಕೊಡುತ್ತಿದ್ದ ಎಸ್.ಆರ್. ರಂಗನಾಥನ್ 1924ರಲ್ಲಿ ಆ ವಿಶ್ವವಿದ್ಯಾಲಯದ ಮೊದಲ ಲೈಬ್ರರಿಯನ್ ಆದರು. ಮೊದಮೊದಲು ಬೇಸರ ಹಿಡಿದು ವಾಪಸ್ ಪಾಠಕ್ಕೆ ಕಳಿಸಿ ಅಂತ ಕೇಳಿದ್ದರಂತೆ. ಆಮೇಲೆ ಇಡೀ ದೇಶಕ್ಕೆ ಪುಸ್ತಕ ಜೋಡಿಸುವುದನ್ನು ಕಲಿಸಿದರು. ಕೊನೆಗಾಲ ಕಳೆದದ್ದು ನಮ್ಮ ಬೆಂಗಳೂರಿನಲ್ಲಿ, 1972ರಲ್ಲಿ ತೀರಿಕೊಂಡದ್ದೂ ಇಲ್ಲೇ. ಓದುಗನ ಸಮಯ ಉಳಿಸಿ ಅನ್ನುವುದು ಅವರ ಐದು ಸೂತ್ರಗಳಲ್ಲಿ ಒಂದು. ಇಷ್ಟುದ್ದ ಉತ್ತರ ಬರೆದ ನನಗೆ ಅದನ್ನು ಹೇಳುವ ಹಕ್ಕಿಲ್ಲ.

ಅಡ್ಯಾರ್ ಲೈಬ್ರರಿ ಬಿಟ್ಟಿದ್ದೇನೆ, ಬೇಕಂತಲೇ. ದಿನಕ್ಕೆ ಎರಡರ ಮೇಲೆ ಬೇಡ. ಹಿಂದಿನ ದಿನ ಫೋನ್ ಮಾಡಿ ರಜೆ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಆಧಾರ್ ಜೆರಾಕ್ಸ್ ಎರಡು ಇರಲಿ, ಬ್ಯಾಗು ಚಿಕ್ಕದಿರಲಿ. ಹಸ್ತಪ್ರತಿ ಇರುವ ಕಡೆ ಪೆನ್ಸಿಲ್ಲೇ ಕ್ಷೇಮ. ನಿಮ್ಮ ಜೇಬಿನ ಕೆಂಪು ಪೆನ್ನನ್ನು ದಯವಿಟ್ಟು ಹುಣಸೂರಿನಲ್ಲೇ ಬಿಟ್ಟು ಹೋಗಿ ಮೇಷ್ಟ್ರೇ, ಓಲೆಗರಿಯಲ್ಲಿ ಕಾಗುಣಿತದ ತಪ್ಪು ಬಹಳ ಇರುತ್ತೆ.

— ಸಂ.