ರಿಟೈರ್ ಆದ ಅಪ್ಪನಿಗೆ ಹವ್ಯಾಸ ಹಚ್ಚಿದ್ರೆ ಹಾಸಿಗೆ ಹಿಡಿಯೋದು ತಪ್ಪುತ್ತಾ?

ನಿಮ್ಮ ಅಪ್ಪನಿಗೆ 68, ರಿಟೈರ್ ಆದ್ಮೇಲೆ ಇಡೀ ದಿನ ಟಿವಿ ಮುಂದೆನೇ, ಏನಾದ್ರೂ ಹವ್ಯಾಸ ಹಚ್ಚಿದ್ರೆ ಮುಂದೆ ತಮ್ಮ ಕೆಲಸ ತಾವೇ ಮಾಡ್ಕೊಂಡು ಓಡಾಡ್ಕೊಂಡು ಇರ್ತಾರಾ ಅಂತ ಕೇಳಿದ್ದೀರಿ. ಇರೋ ಸಾಧ್ಯತೆ ಜಾಸ್ತಿ ಆಗುತ್ತೆ. ಆದ್ರೆ ಹೊಸ ಹವ್ಯಾಸ ಹುಡುಕೋಕೆ ಮುಂಚೆ ಅವರು ಮೊದಲು ಏನು ಮಾಡ್ತಿದ್ರು, ಅದನ್ನ ಯಾಕೆ ಬಿಟ್ರು ಅಂತ ಕೇಳಿ. ನಮ್ಮನೇಲಿ ಇದನ್ನ ಕೇಳೋಕೆ ತುಂಬಾ ಲೇಟ್ ಮಾಡಿದ್ವಿ.

ನಮ್ಮಪ್ಪ ದಿನಾ ಸಂಜೆ ನಾಲ್ಕೂವರೆಗೆ ಅರಳಿಕಟ್ಟೆಗೆ ಹೋಗಿ ಇಸ್ಪೀಟಲ್ಲಿ ಇಪ್ಪತ್ತೆಂಟು ಅನ್ನೋ ನಾಲ್ಕು ಜನರ ಆಟ ಆಡೋರು, ದುಡ್ಡಿಟ್ಟು ಅಲ್ಲ, ಸುಮ್ನೆ. ಮನೆಯಿಂದ ಅರ್ಧ ಕಿಲೋಮೀಟರ್ ನಡೆಯೋದು, ಕಟ್ಟೆ ಹತ್ತೋದು, ಚಕ್ಳಮಕ್ಳ ಹಾಕಿ ಕೂರೋದು, ಏಳೋದು, ವಾಪಸ್ ನಡೆಯೋದು. ಒಂದಿನ ಬಿಟ್ಬಿಟ್ರು. ಬೇಜಾರು ಅಂದ್ರು, ವಯಸ್ಸಾಯ್ತಲ್ಲ ಅಂತ ನಾವೂ ಸುಮ್ನಾದ್ವಿ. ಏಳೆಂಟು ತಿಂಗಳಲ್ಲಿ ಕುರ್ಚಿಯಿಂದ ಏಳೋಕೆ ಎರಡೂ ಕೈ ಊರಿ, ಒಂದ್ಸಲ ಮುಂದಕ್ಕೆ ಜೀಕಿ, ಆಗದೆ ಮತ್ತೆ ಕೂತು, ಉಸಿರು ತಗೊಂಡು ಆಮೇಲೆ ಏಳೋ ಹಂಗಾಯ್ತು. ಅವರು ಸ್ನಾನಕ್ಕೆ ಹೋದ್ರೆ ಅಮ್ಮ ಬಾಗಿಲ ಹೊರಗೇ ನಿಂತಿರೋರು.

ಆಟ ಬಿಟ್ಟ ಕಾರಣ ಏನು ಅಂದ್ರೆ ಕಿವಿ! ಆ ಆಟದಲ್ಲಿ ಎಷ್ಟು ಪಾಯಿಂಟ್ ಗೆಲ್ತೀವಿ ಅಂತ ಎಲ್ಲರೂ ಬಾಯಲ್ಲೇ ಕೂಗ್ಬೇಕಲ್ಲ, ಬೇರೆಯವರು ಹದಿನೇಳು ಅಂದಿದ್ದು ಇವರಿಗೆ ಹದಿನೈದು ಅಂತ ಕೇಳಿಸಿ ತಪ್ಪು ಆಡಿ, ಜೊತೆಗಾರ ಎಲ್ಲರ ಮುಂದೆ ಎರಡು ಸಲ ರೇಗಿದ್ರಂತೆ. ಅವಮಾನ ಆಗಿ ಬಿಟ್ಟಿದ್ದಾರೆ, ನಮಗೆ ಹೇಳಿಲ್ಲ. ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಕರ್ಕೊಂಡು ಹೋಗಿ ಟೆಸ್ಟ್ ಮಾಡಿಸಿ ಹಿಯರಿಂಗ್ ಏಡ್ ಹಾಕಿಸಿದ್ವಿ. ಮತ್ತೆ ಹೋಗೋಕೆ ಶುರು ಮಾಡಿದಾಗ ಮೊದಲ ತಿಂಗಳು ಕಟ್ಟೆ ಹತ್ತೋಕೇ ಆಗ್ತಿರಲಿಲ್ಲ, ಫ್ರೆಂಡ್ಸೇ ಕೆಳಗೆ ಸ್ಟೂಲ್ ಹಾಕ್ಕೊಂಡು ಕೂತ್ರು. ನಾಲ್ಕನೇ ಕೈ ಇಲ್ದೆ ಆಟ ನಡೆಯಲ್ಲ ನೋಡಿ, ಇವರು ಐದು ನಿಮಿಷ ತಡ ಮಾಡಿದ್ರೆ ಫೋನ್ ಬರುತ್ತೆ. ನಾನು ತಂದ್ಕೊಟ್ಟ ಎಕ್ಸರ್‌ಸೈಜ್ ಸೈಕಲ್‌ ಮೇಲೆ ಬಟ್ಟೆ ಒಣಗ್ತಿದೆ, ಅದು ಯಾರನ್ನೂ ಕಾಯಲ್ಲ.

ಜಪಾನಲ್ಲಿ 65 ದಾಟಿದ ಸಾವಿರಾರು ಜನರನ್ನ 4 ವರ್ಷ ಗಮನಿಸಿದಾಗಲೂ, ಒಬ್ಬೊಬ್ಬರೇ ವ್ಯಾಯಾಮ ಮಾಡೋರಿಗಿಂತ ಗುಂಪಿಗೆ ಸೇರಿ ಮಾಡೋರು ಪರಾವಲಂಬಿ ಆಗಿದ್ದು ಕಡಿಮೆ. ಗಟ್ಟಿ ಇರೋರೇ ಗುಂಪಿಗೆ ಹೋಗ್ತಾರೆ ಅಂತಲೂ ಹೇಳಬಹುದು, ನಿಜ. ಆದ್ರೆ ಅಮೆರಿಕದಲ್ಲಿ 70ರಿಂದ 89 ವರ್ಷದ 1635 ಜನರನ್ನ ಚೀಟಿ ಎತ್ತಿದ ಹಾಗೆ ಎರಡು ಭಾಗ ಮಾಡಿ, ಒಂದು ಭಾಗಕ್ಕೆ ನಡಿಗೆ, ಕಾಲಿನ ಶಕ್ತಿ, ಬ್ಯಾಲೆನ್ಸ್ ಅಭ್ಯಾಸ, ಇನ್ನೊಂದಕ್ಕೆ ಆರೋಗ್ಯದ ಪಾಠ ಮಾತ್ರ ಕೊಟ್ಟು ಸುಮಾರು ಎರಡೂವರೆ ವರ್ಷ ನೋಡಿದ್ರು, 2014ರಲ್ಲಿ ರಿಸಲ್ಟ್ ಬಂತು. 400 ಮೀಟರ್ ನಡೆಯೋಕಾಗದ ಸ್ಥಿತಿ ತಲುಪಿದ್ದು ಪಾಠದವರಲ್ಲಿ ನೂರಕ್ಕೆ 35.5, ನಡೆದವರಲ್ಲಿ 30.1. ಪವಾಡ ಅಲ್ಲ, ಆದ್ರೆ ಹಾಗೆ ತಪ್ಪಿಸ್ಕೊಂಡ ನೂರಕ್ಕೆ ಐದು ಜನರಲ್ಲಿ ನಮ್ಮಪ್ಪ ಇದ್ರೆ ನನಗೆ ಅದು ದೊಡ್ಡದೇ.

ಹಾಗಾಗಿ ಓದೋದು, ಪದಬಂಧ ಒಳ್ಳೇದೇ, ಆದ್ರೆ ಅಷ್ಟೇ ಸಾಲಲ್ಲ, ಕಾಲಿಗೂ ಕೆಲಸ ಬೇಕು. ಭಜನೆ, ತೋಟ, ಕೋಲಾಟ, ಪಾರ್ಕ್ ಗುಂಪು, ಯಾವುದಾದ್ರೂ ಸರಿ, ಮನೆಯಿಂದ ಹೊರಗೆ ಹೊರಡಿಸಬೇಕು, ಅಲ್ಲಿ ಇವರಿಗೋಸ್ಕರ ಕಾಯೋರು ಇರಬೇಕು.

ಇವತ್ತೇ ಒಂದು ಮಾಡಿ. ಗೋಡೆಗೆ ಒತ್ತಿಟ್ಟ, ಕೈ ಇಲ್ಲದ ಕುರ್ಚಿಯಲ್ಲಿ ಕೂರಿಸಿ, ಕೈ ಎದೆ ಮೇಲೆ ಕಟ್ಕೊಂಡು 30 ಸೆಕೆಂಡಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರ್ತಾರೆ ಎಣಿಸಿ, ನೀವು ಪಕ್ಕದಲ್ಲೇ ನಿಂತಿರಿ. 68ರ ಗಂಡಸರಿಗೆ 12ಕ್ಕಿಂತ ಕಡಿಮೆ ಬಂದ್ರೆ ಕಾಲು ಸೋತಿದೆ, ಬೀಳೋ ಅಪಾಯ ಇದೆ ಅಂತ ಲೆಕ್ಕ, ಡಾಕ್ಟರ್‌ಗೋ ಫಿಸಿಯೋಗೋ ತೋರಿಸಿ. ಎದೆನೋವು, ತಲೆಸುತ್ತು ಇದ್ರೆ ಈ ಟೆಸ್ಟ್ ಮಾಡಿಸೋಕೆ ಹೋಗ್ಬೇಡಿ, ಮೊದಲು ಡಾಕ್ಟರೇ. ನಮ್ಮಪ್ಪ ಮೊದಲ ಸಲ ಆರು ಮಾಡಿದ್ರು, ಹೋದ ವಾರ ಹತ್ತು.