ಸಿಲಿಂಡರ್ ಪವರ್ ಲೇಸರ್‌ನಿಂದ ಪೂರ್ತಿ ಹೋಗುತ್ತದೆಯೇ?

ನೀವು ಕೇಳಿದ್ದು: ವಯಸ್ಸು 23, ಪವರ್ −3.00, ಸಿಲಿಂಡರ್ −2.50, ಲಾಸಿಕ್ ಮಾಡಿಸಬೇಕಾ, ಸ್ಮೈಲ್ ಮಾಡಿಸಬೇಕಾ, ಸಿಲಿಂಡರ್ ಪೂರ್ತಿ ಹೋಗುತ್ತದಾ?

ಇವೆರಡೂ ಕಾರ್ನಿಯಾವನ್ನು, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರವನ್ನು, ಲೇಸರ್‌ನಿಂದ ತಿದ್ದುವ ಆಪರೇಷನ್‌ಗಳು. ಇಷ್ಟು ಸಿಲಿಂಡರನ್ನು ಎರಡರಲ್ಲೂ ಸರಿಪಡಿಸಬಹುದು. ನಾನಾದರೆ ಮೊದಲು ಕೇಳುವುದು ಆಕ್ಸಿಸ್ ಬಗ್ಗೆ. ಕಾರ್ನಿಯಾ ಒಂದು ದಿಕ್ಕಿಗೆ ಹೆಚ್ಚು, ಅದರ ಅಡ್ಡಕ್ಕೆ ಕಡಿಮೆ ಬಾಗಿರುತ್ತದೆ; ಆ ವ್ಯತ್ಯಾಸದ ಪವರೇ ಸಿಲಿಂಡರ್. ಆ ದಿಕ್ಕನ್ನು ತೋರಿಸುವ ಅಂಕಿಯೇ ಆಕ್ಸಿಸ್. ಲೇಸರ್ ಅದರಿಂದ 10 ಡಿಗ್ರಿ ಜರುಗಿದರೆ ಮೂರನೇ ಒಂದು ಪಾಲು ಸಿಲಿಂಡರ್ ಉಳಿದುಬಿಡುತ್ತದೆ, 15 ಡಿಗ್ರಿಗೆ ಅರ್ಧ. 30 ಡಿಗ್ರಿ ಜರುಗಿದರೆ ಸಿಲಿಂಡರ್ ಇದ್ದಷ್ಟೇ ಇರುತ್ತದೆ, ದಿಕ್ಕು ಮಾತ್ರ ಬದಲು.

ಜರುಗಲು ಕಾರಣ ಸರಳ. ಪವರ್ ಅಳೆಯುವುದು ಕೂರಿಸಿ, ಲೇಸರ್ ಹೊಡೆಯುವುದು ಮಲಗಿಸಿ. ಮಲಗಿದಾಗ ಕಣ್ಣು ಗೂಡಿನಲ್ಲೇ ಕೆಲವು ಡಿಗ್ರಿ ತಿರುಗುತ್ತದೆ. ಹಲವು ಲಾಸಿಕ್ ಯಂತ್ರಗಳು ಐರಿಸ್‌ನ (ಕಣ್ಣಿನ ಬಣ್ಣದ ಭಾಗದ) ಗೆರೆಗಳನ್ನು ಗುರುತಿಟ್ಟುಕೊಂಡು ಕಿರಣವನ್ನೂ ಅಷ್ಟೇ ತಿರುಗಿಸುತ್ತವೆ. ಸ್ಮೈಲ್‌ನ ಹಳೆಯ ಯಂತ್ರದಲ್ಲಿ ಆ ಅನುಕೂಲವಿಲ್ಲ. ಅಲ್ಲಿ ಡಾಕ್ಟರು ನಿಮ್ಮನ್ನು ಸ್ಲಿಟ್ ಲ್ಯಾಂಪ್ (ಕಣ್ಣು ಪರೀಕ್ಷಿಸುವ ಸೂಕ್ಷ್ಮದರ್ಶಕ) ಮುಂದೆ ನೆಟ್ಟಗೆ ಕೂರಿಸಿ, ಕಾರ್ನಿಯಾದ ಅಂಚಿಗೆ ಗಡಿಯಾರದ 3 ಮತ್ತು 9ರ ಜಾಗದಲ್ಲಿ ಶಾಯಿಯ ಚುಕ್ಕೆ ಇಡಬೇಕು. ಮಲಗಿಸಿದ ಮೇಲೆ ಆ ಎರಡು ಚುಕ್ಕೆ ಮಟ್ಟವಾಗಿ ಬರುವಂತೆ ಸರಿಹೊಂದಿಸಬೇಕು. "ತಿರುಗುವಿಕೆಗೆ ಏನು ಮಾಡುತ್ತೀರಿ?" ಎಂದು ನೇರವಾಗಿ ಕೇಳಿ. ಉತ್ತರ ತೇಲಿಸಿದರೆ ಬೇರೆ ಕಡೆ ತೋರಿಸಿ.

ಇದಕ್ಕಿಂತ ಗಂಭೀರವಾದದ್ದು ಕೆರಾಟೋಕೋನಸ್. ಸಿಲಿಂಡರ್ ವರ್ಷವರ್ಷ ಏರುತ್ತಿದ್ದರೆ, ಆಕ್ಸಿಸ್ ಬದಲಾಗುತ್ತಿದ್ದರೆ, ಅಲರ್ಜಿಯಿಂದ ಕಣ್ಣು ಉಜ್ಜುವ ಅಭ್ಯಾಸವಿದ್ದರೆ ಕಾರ್ನಿಯಾ ತೆಳುವಾಗಿ ಮುಂದಕ್ಕೆ ಉಬ್ಬುತ್ತಿರಬಹುದು. ಅಂಥ ಕಣ್ಣಿಗೆ ಲಾಸಿಕ್ ಮಾಡಿದರೆ ಉಬ್ಬು ಹೆಚ್ಚಿ ದೃಷ್ಟಿ ಇನ್ನೂ ಕೆಡುತ್ತದೆ. ಪೆಂಟಾಕ್ಯಾಮ್‌ನಂಥ ಸ್ಕ್ಯಾನ್‌ನಲ್ಲಿ ಕಾರ್ನಿಯಾದ ಹಿಂಭಾಗವನ್ನೂ ನೋಡದೆ ದಯವಿಟ್ಟು ಒಪ್ಪಬೇಡಿ. ಪವರ್ ಒಂದು ವರ್ಷದಲ್ಲಿ 0.50ಕ್ಕಿಂತ ಹೆಚ್ಚು ಬದಲಾಗಿದ್ದರೂ ಕಾಯಿರಿ.

ದಪ್ಪದ ಲೆಕ್ಕ ನೀವೇ ಹಾಕಬಹುದು. 6.5 ಮಿ.ಮೀ. ವಲಯಕ್ಕೆ ಒಂದು ಡಯಾಪ್ಟರ್‌ಗೆ (ಪವರಿನ ಅಳತೆ) ಸುಮಾರು 14 ಮೈಕ್ರಾನ್ ಹೋಗುತ್ತದೆ. ನಿಮ್ಮದು ಒಟ್ಟು 5.50, ಅಂದರೆ 77. ಲಾಸಿಕ್‌ನಲ್ಲಿ ಮೇಲೆತ್ತುವ ತೆಳು ಪದರಕ್ಕೆ (ಫ್ಲ್ಯಾಪ್) 110. ಕಾರ್ನಿಯಾ 520 ಇದ್ದರೆ ಉಳಿಯುವುದು 333. 250 ಕನಿಷ್ಠ, 300 ಉಳಿದರೆ ನೆಮ್ಮದಿ. ತೀರಾ ತೆಳುವಿದ್ದರೆ ಟೋರಿಕ್ ಐಸಿಎಲ್ (ಸಿಲಿಂಡರನ್ನೂ ಸರಿಪಡಿಸುವ, ಕಣ್ಣೊಳಗೆ ಇಡುವ ಲೆನ್ಸ್) ಬಗ್ಗೆ ಕೇಳಿ. ಅದರಲ್ಲಿ ಕಾರ್ನಿಯಾ ಕೊರೆಯುವುದಿಲ್ಲ, ಆದರೆ ಒಳಗಿಟ್ಟ ಲೆನ್ಸ್ ತಿರುಗಿದರೆ ಮತ್ತೆ ಅದೇ ಆಕ್ಸಿಸ್ ತೊಂದರೆ.

ಸ್ಕ್ಯಾನ್‌ಗೆ ಮುಂಚೆ ಕಾಂಟ್ಯಾಕ್ಟ್ ಲೆನ್ಸ್ ತೆಗೆದಿಡಿ: ಸಾಫ್ಟ್ ಆದರೆ ಒಂದೆರಡು ವಾರ, ಗಟ್ಟಿ ಲೆನ್ಸ್ ಆದರೆ ಮೂರ್ನಾಲ್ಕು ವಾರ. ಲೆನ್ಸ್ ಒತ್ತಿ ಆಕಾರ ಬದಲಾದ ಕಾರ್ನಿಯಾ ಅಳೆದರೆ ಆಕ್ಸಿಸ್ಸೇ ತಪ್ಪು ಬರುತ್ತದೆ. ಆಪರೇಷನ್ ಆದಮೇಲೆ ಕೆಲವು ತಿಂಗಳು ಕಣ್ಣು ಒಣಗುವುದು ಸಾಮಾನ್ಯ, ಡ್ರಾಪ್ಸ್ ಹಾಕುವುದನ್ನು ನಿಲ್ಲಿಸಬೇಡಿ. ಸ್ವಲ್ಪ ಸಿಲಿಂಡರ್ ಉಳಿದರೆ ಕನಿಷ್ಠ ಮೂರು ತಿಂಗಳು ಕಾದು, ಪವರ್ ಬದಲಾಗುವುದು ನಿಂತ ಮೇಲಷ್ಟೇ ಮತ್ತೆ ಲೇಸರ್ ಮಾತಾಡಿ.