ಗಾಲ್ಫ್ ಪ್ರಶ್ನೋತ್ತರ: ಬಲಕ್ಕೆ ಗುರಿಯಿಟ್ಟಷ್ಟೂ ಎಡಕ್ಕೆ ಬಾಗುವ ಚೆಂಡು

ಪ್ರಶ್ನೆ: ನನಗೆ 44 ವರ್ಷ. ಶಾಲಾ ದಿನಗಳಿಂದ ಹಾಕಿ ಆಡಿದವನು. ಕೊಡವ ಕುಟುಂಬಗಳ ಹಾಕಿ ಹಬ್ಬದಲ್ಲಿ ನಮ್ಮ ಒಕ್ಕದ ತಂಡದಲ್ಲಿಯೂ ಹಲವು ವರ್ಷ ಆಡಿದ್ದೇನೆ. ಮೂರು ವರ್ಷಗಳಿಂದ ಗಾಲ್ಫ್ ಆಡುತ್ತಿದ್ದೇನೆ, ಬಲಗೈ ಆಟಗಾರ. ನಾನು ಹೊಡೆದ ಚೆಂಡು ಮೊದಲು ತುಸು ಬಲಕ್ಕೆ ಹೊರಟು, ಅರ್ಧ ದಾರಿ ಕಳೆದ ಮೇಲೆ ರಭಸದಿಂದ ಎಡಕ್ಕೆ ಬಾಗಿ ಫೇರ್‌ವೇ (ಹುಲ್ಲು ಕತ್ತರಿಸಿದ ಆಟದ ಹಾದಿ) ದಾಟಿ ಪೊದೆಗಳಲ್ಲಿ ಬೀಳುತ್ತದೆ. ಇದನ್ನು ತಡೆಯಲು ಬಲಕ್ಕೆ ಗುರಿಯಿಟ್ಟು ನಿಲ್ಲತೊಡಗಿದೆ. ಮೊದಲ ಕೆಲವು ವಾರ ಸರಿಹೋದಂತೆ ಕಂಡಿತು. ಈಗ ಮೊದಲಿಗಿಂತ ಹೆಚ್ಚು ಬಾಗುತ್ತಿದೆ. ಗ್ರಿಪ್, ಅಂದರೆ ಕೋಲನ್ನು ಹಿಡಿಯುವ ರೀತಿ, ಬದಲಿಸಿದರೆ ಎಲ್ಲವೂ ಸರಿಯಾಗುತ್ತದೆ ಎಂದು ಜೊತೆಯ ಆಟಗಾರರು ಹೇಳುತ್ತಾರೆ. ನಾನು ಮೊದಲು ಯಾವುದನ್ನು ತಿದ್ದಿಕೊಳ್ಳಬೇಕು?
— ಓದುಗರೊಬ್ಬರು, ವಿರಾಜಪೇಟೆ

ಉತ್ತರ: ಚೆಂಡು ಮೊದಲು ಬಲಕ್ಕೆ ಹೊರಡುತ್ತದೆ ಎಂದು ನೀವು ಗಮನಿಸಿ ಬರೆದಿರುವುದಕ್ಕೆ ಕೃತಜ್ಞತೆಗಳು. ಹುಕ್‌ನಿಂದ, ಅಂದರೆ ಚೆಂಡು ಹೀಗೆ ಎಡಕ್ಕೆ ಬಾಗುವ ದೋಷದಿಂದ, ಬಳಲುವವರಲ್ಲಿ ಹೆಚ್ಚಿನವರು ಚೆಂಡು ಎಲ್ಲಿ ಬಿತ್ತು ಎಂಬುದನ್ನು ಮಾತ್ರ ಹೇಳುತ್ತಾರೆ, ಎತ್ತ ಹೊರಟಿತು ಎಂಬುದನ್ನು ನೋಡಿರುವುದೇ ಇಲ್ಲ. ದೋಷದ ಮೂಲ ತಿಳಿಯುವುದು ಹೊರಟ ದಿಕ್ಕಿನಿಂದ.

ಹಿಂದೆ ಬಹುಪಾಲು ಶಿಕ್ಷಕರು, ಕ್ಲಬ್ (ಚೆಂಡು ಹೊಡೆಯುವ ಕೋಲು) ಬೀಸಿಬಂದ ಹಾದಿಯತ್ತಲೇ ಚೆಂಡು ಹೊರಡುತ್ತದೆ, ಆಮೇಲೆ ಕ್ಲಬ್‌ನ ಮುಖ (ಚೆಂಡಿಗೆ ತಾಗುವ ಮೇಲ್ಮೈ) ನೋಡುತ್ತಿದ್ದ ಕಡೆಗೆ ಬಾಗುತ್ತದೆ ಎಂದು ಕಲಿಸುತ್ತಿದ್ದರು. ರಾಡಾರ್ ಉಪಕರಣಗಳಿಂದ ಚೆಂಡಿನ ಹಾರಾಟವನ್ನು ಅಳೆಯುವುದು ಸಾಧ್ಯವಾದ ಮೇಲೆ ಈ ತಿಳಿವಳಿಕೆ ತಪ್ಪೆಂದು ಸ್ಪಷ್ಟವಾಯಿತು. ಚೆಂಡು ಹೊರಡುವ ದಿಕ್ಕನ್ನು ಬಹುಮಟ್ಟಿಗೆ ನಿರ್ಧರಿಸುವುದು ಹೊಡೆತದ ಕ್ಷಣದಲ್ಲಿ ಕ್ಲಬ್‌ನ ಮುಖವೇ. ಐರನ್‌ಗಳಲ್ಲಿ (ತೆಳುವಾದ ಲೋಹದ ತಲೆಯ ಕ್ಲಬ್‌ಗಳು) ಅದರ ಪಾಲು ಸುಮಾರು ಮುಕ್ಕಾಲು ಭಾಗ, ಡ್ರೈವರ್‌ನಲ್ಲಿ (ಅತಿ ದೂರ ಹೊಡೆಯುವ ದೊಡ್ಡ ತಲೆಯ ಕ್ಲಬ್) ಇನ್ನೂ ಹೆಚ್ಚು. ಆ ಮುಖಕ್ಕೂ ಕ್ಲಬ್ ಸಾಗುತ್ತಿರುವ ಹಾದಿಗೂ ನಡುವೆ ಇರುವ ವ್ಯತ್ಯಾಸವು ಚೆಂಡಿನ ತಿರುಗುವಿಕೆಯ ಅಕ್ಷವನ್ನು ವಾಲಿಸುತ್ತದೆ, ಗಾಳಿಯಲ್ಲಿ ಚೆಂಡು ಬಾಗುವುದು ಅದರಿಂದ.

ಇದನ್ನು ನಿಮ್ಮ ಹೊಡೆತಕ್ಕೆ ಅನ್ವಯಿಸಿ ನೋಡೋಣ. ಚೆಂಡು ಬಲಕ್ಕೆ ಹೊರಡುತ್ತಿದೆ ಎಂದರೆ ನಿಮ್ಮ ಕ್ಲಬ್‌ನ ಮುಖ ಗುರಿಗಿಂತ ಬಲಕ್ಕೆ ನೋಡುತ್ತಿದೆ. ಹಾಗಿದ್ದೂ ಎಡಕ್ಕೆ ಬಾಗುತ್ತಿದೆ ಎಂದರೆ ಕ್ಲಬ್‌ನ ಹಾದಿ ಅದಕ್ಕಿಂತಲೂ ಬಹಳ ಬಲಕ್ಕೆ, ಅಂದರೆ ನಿಮ್ಮ ಮೈಯ ಬದಿಯಿಂದ ಹೊರಮುಖವಾಗಿ ಸಾಗುತ್ತಿದೆ. ಮುಖವು ಹಾದಿಯ ಲೆಕ್ಕದಲ್ಲಿ ಮುಚ್ಚಿದೆ (ಎಡಕ್ಕೆ ತಿರುಗಿದೆ), ಗುರಿಯ ಲೆಕ್ಕದಲ್ಲಿ ತೆರೆದೇ ಇದೆ (ಬಲಕ್ಕೆ ತಿರುಗಿದೆ). ಹೀಗಿರುವಾಗ ಗ್ರಿಪ್ ಮಾತ್ರ ಬದಲಿಸಿ ಮುಖವನ್ನು ಇನ್ನಷ್ಟು ತೆರೆದರೆ ಚೆಂಡು ಬಾಗುವುದು ಕಡಿಮೆಯಾದೀತು, ಆದರೆ ಅದು ನೇರವಾಗಿ ಬಲಬದಿಯ ಪೊದೆಗೆ ಹೋಗುತ್ತದೆ. ನೀವು ಮೊದಲು ತಿದ್ದಬೇಕಾದದ್ದು ಹಾದಿಯನ್ನು. ಚೆಂಡು ನೇರವಾಗಿ ಅಥವಾ ಎಡಕ್ಕೇ ಹೊರಟು ಮತ್ತಷ್ಟು ಎಡಕ್ಕೆ ಬಾಗುತ್ತಿದ್ದರೆ ನಿಮ್ಮ ಗೆಳೆಯರ ಸಲಹೆ ಸರಿಯಾಗುತ್ತಿತ್ತು.

ಗ್ರಿಪ್‌ನ ಸಲಹೆಗೆ ಇಷ್ಟು ಪ್ರಚಾರ ಸಿಕ್ಕಿರುವುದಕ್ಕೆ ಅಮೆರಿಕದ ಗಾಲ್ಫ್ ಆಟಗಾರ ಬೆನ್ ಹೋಗನ್ ಅವರ ಕಥೆಯೂ ಒಂದು ಕಾರಣವೆಂದು ನನಗೆ ಅನಿಸುತ್ತದೆ. ವೃತ್ತಿಯ ಮೊದಲ ವರ್ಷಗಳಲ್ಲಿ ಹುಕ್‌ನಿಂದ ಅವರು ಪಟ್ಟ ಪಾಡು ಗಾಲ್ಫ್ ಜಗತ್ತಿಗೆಲ್ಲ ಗೊತ್ತು. ಎಡಗೈಯ ಹಿಡಿತವನ್ನು ಎಡಕ್ಕೆ ಸರಿಸಿ ಹೆಬ್ಬೆರಳನ್ನು ಕೋಲಿನ ನೆತ್ತಿಗೆ ತಂದು, ಬ್ಯಾಕ್‌ಸ್ವಿಂಗ್‌ನ (ಕ್ಲಬ್ ಅನ್ನು ಹಿಂದಕ್ಕೆ ಎತ್ತುವ ಚಲನೆ) ತುದಿಯಲ್ಲಿ ಎಡ ಮಣಿಕಟ್ಟನ್ನು ತುಸು ಹಿಂದಕ್ಕೆ ಬಾಗಿಸಿದ್ದೇ ತಮ್ಮ ಗುಟ್ಟೆಂದು ಅವರು 1955ರಲ್ಲಿ ‘ಲೈಫ್’ ಪತ್ರಿಕೆಯಲ್ಲಿ ವಿವರಿಸಿದರು. ಅದಕ್ಕೆ ಎರಡು ವರ್ಷ ಮುಂಚೆ, 1953ರಲ್ಲಿ, ಮಾಸ್ಟರ್ಸ್, ಅಮೆರಿಕನ್ ಓಪನ್, ಬ್ರಿಟಿಷ್ ಓಪನ್ ಎಂಬ ಮೂರು ದೊಡ್ಡ ಟೂರ್ನಿಗಳನ್ನೂ ಗೆದ್ದಿದ್ದವರು ಹೇಳಿದ ಮಾತಾದ್ದರಿಂದ ಅದನ್ನು ಎಲ್ಲರೂ ಔಷಧಿಯಂತೆ ಸ್ವೀಕರಿಸಿದರು. ಆದರೆ ಹೋಗನ್ ಅವರ ಸೊಂಟವೂ ಎದೆಯೂ ಡೌನ್‌ಸ್ವಿಂಗ್‌ನಲ್ಲಿ (ಕ್ಲಬ್ ಚೆಂಡಿನತ್ತ ಇಳಿಯುವಾಗ) ಬಹಳ ವೇಗವಾಗಿ ಗುರಿಯತ್ತ ತಿರುಗುತ್ತಿದ್ದವು. ಆ ತಿರುಗುವಿಕೆ ಇಲ್ಲದವರು ಅವರ ಗ್ರಿಪ್ ಅನ್ನಷ್ಟೇ ಎರವಲು ಪಡೆದರೆ ಹುಕ್ ಹೋಗಿ ಸ್ಲೈಸ್ (ಚೆಂಡು ಬಲಕ್ಕೆ ಬಾಗುವ ದೋಷ) ಬರುತ್ತದೆ. ಇದಕ್ಕೆ ವಿರುದ್ಧವಾದ ಉದಾಹರಣೆಯೂ ಉಂಟು. ಅಮೆರಿಕದವರೇ ಆದ ಆಟಗಾರ ಡೇವಿಡ್ ಡುವಾಲ್ ಅವರು ಕೈಗಳನ್ನು ಬಹಳ ಬಲಕ್ಕೆ ತಿರುಗಿಸಿ ಹಿಡಿಯುತ್ತಿದ್ದರೂ 2001ರ ಬ್ರಿಟಿಷ್ ಓಪನ್ ಗೆದ್ದರು. ದೇಹ ನಿಲ್ಲದೆ ತಿರುಗುತ್ತಿದ್ದರೆ ಅಂಥ ಹಿಡಿತವೂ ನಡೆಯುತ್ತದೆ.

ನಿಮ್ಮ ತೊಂದರೆಯ ಬೇರು ಇಲ್ಲಿಯೇ ಇರಬೇಕು. ಹಾಕಿಯಲ್ಲಿ ಚೆಂಡನ್ನು ಎಡಬಲ ಹೊರಳಿಸಲು ಮಣಿಕಟ್ಟುಗಳನ್ನು ಕ್ಷಣಾರ್ಧದಲ್ಲಿ ತಿರುಗಿಸುವುದು ವರ್ಷಗಳ ಅಭ್ಯಾಸದಿಂದ ನಿಮ್ಮ ಕೈಗಳಿಗೆ ಬಂದಿದೆ. ಅದು ದೊಡ್ಡ ಗುಣವೇ, ಅದನ್ನು ಕಳೆದುಕೊಳ್ಳಬೇಡಿ. ಆದರೆ ಗಾಲ್ಫ್‌ನಲ್ಲಿ ಎದೆಯು ಚೆಂಡಿನ ಎದುರಿಗೆ ಬಂದು ನಿಂತುಬಿಟ್ಟರೆ, ತೋಳುಗಳು ಒಳಗಿನಿಂದ ಹೊರಕ್ಕೆ ಹಾಯ್ದುಹೋಗುತ್ತವೆ, ಆ ಚುರುಕಾದ ಮಣಿಕಟ್ಟುಗಳು ಮುಖವನ್ನು ಹೊರಳಿಸಿ ಮುಚ್ಚುತ್ತವೆ. ಕ್ಲಬ್ ಮತ್ತು ಚೆಂಡಿನ ಸ್ಪರ್ಶ ಇರುವುದು ಸೆಕೆಂಡಿನ ಸುಮಾರು ಎರಡು ಸಾವಿರ ಭಾಗಗಳಲ್ಲಿ ಒಂದು ಭಾಗ ಮಾತ್ರ. ಅಷ್ಟರೊಳಗೆ ಕೈಗಳಿಂದ ಏನನ್ನೂ ತಿದ್ದಲಾಗದು. ಒಂದು ದಿನ ನೇರ, ಮರುದಿನ ಪೊದೆ ಎಂಬಂತೆ ಆಗುವುದು ಈ ಕಾರಣಕ್ಕೆ.

ಬಲಕ್ಕೆ ಗುರಿಯಿಟ್ಟದ್ದರಿಂದ ಹುಕ್ ಹೆಚ್ಚಿದ್ದೂ ಆಕಸ್ಮಿಕವಲ್ಲ. ಪಾದ, ಸೊಂಟ, ಭುಜಗಳು ಬಲಕ್ಕೆ ತಿರುಗಿದಂತೆ ಕ್ಲಬ್‌ನ ಹಾದಿಯೂ ಬಲಕ್ಕೆ ಸರಿಯಿತು. ಆದರೆ ಕುಳಿಯ ಗುರುತಿನ ಧ್ವಜ ಎಲ್ಲಿದೆ ಎಂದು ನಿಮ್ಮ ಕಣ್ಣಿಗೆ ಗೊತ್ತು, ಆದ್ದರಿಂದ ಕೈಗಳು ಮುಖವನ್ನು ಅತ್ತ ಎಳೆದುಕೊಂಡವು. ಮುಖಕ್ಕೂ ಹಾದಿಗೂ ಇದ್ದ ಅಂತರ ಹಿಗ್ಗಿತು, ಚೆಂಡು ಇನ್ನಷ್ಟು ಬಾಗಿತು, ಅದನ್ನು ಕಂಡು ನೀವು ಇನ್ನಷ್ಟು ಬಲಕ್ಕೆ ತಿರುಗಿ ನಿಂತಿರಿ. ಹುಕ್ ಇರುವ ಬಹಳ ಮಂದಿ ಸಿಕ್ಕಿಬೀಳುವುದು ಈ ಸುಳಿಯಲ್ಲಿ, ಆದ್ದರಿಂದ ನಿಮ್ಮ ಮೊದಲ ಕೆಲಸ ಇದರಿಂದ ಹೊರಬರುವುದು. ಅಭ್ಯಾಸದಲ್ಲಿ ಒಂದು ಕೋಲನ್ನು ಗುರಿಯ ರೇಖೆಗೆ ಸಮಾನಾಂತರವಾಗಿ ಪಾದಗಳ ಮುಂದೆ ನೆಲದ ಮೇಲಿಡಿ, ಪಾದಗಳನ್ನೂ ಅದಕ್ಕಿಂತ ಮುಖ್ಯವಾಗಿ ಭುಜಗಳನ್ನೂ ಅದಕ್ಕೆ ಸರಿಹೊಂದಿಸಿ. ಆರಂಭದಲ್ಲಿ ಎಡಕ್ಕೆ ನಿಂತಂತೆ ಅನಿಸಿ ಭಯವಾಗುತ್ತದೆ. ಆ ಭಯವನ್ನು ಸಹಿಸಿಕೊಳ್ಳಿ. ಚೆಂಡು ಬಹಳ ಹಿಂದೆ, ಬಲಪಾದದ ಕಡೆಗೆ, ಇದೆಯೇ ಎಂಬುದನ್ನೂ ನೋಡಿ. ಹಿಂದಿಟ್ಟಷ್ಟೂ ಕ್ಲಬ್ ಇನ್ನೂ ಹೊರಮುಖವಾಗಿ ಸಾಗುತ್ತಿರುವಾಗಲೇ ಚೆಂಡು ಸಿಗುತ್ತದೆ.

ಬಳಿಕ 8ನೇ ಐರನ್ ತೆಗೆದುಕೊಂಡು, ಚೆಂಡಿನ ಹಿಂದೆ ಸುಮಾರು ಒಂದು ಅಡಿ ದೂರದಲ್ಲಿ, ಗುರಿಯ ರೇಖೆಯಿಂದ ನಿಮ್ಮ ಪಾದಗಳ ಬದಿಗೆ ಒಂದು ಗೇಣಿಗಿಂತ ಸ್ವಲ್ಪ ಕಡಿಮೆ ಅಂತರದಲ್ಲಿ, ಡ್ರೈವರ್‌ನ ಮೆತ್ತನೆಯ ಮುಸುಕನ್ನು ಇಡಿ. ಕ್ಲಬ್ ಅತಿಯಾಗಿ ಒಳಗಿನಿಂದ ಬಂದರೆ ಮುಸುಕಿಗೆ ತಾಗುತ್ತದೆ. ಸ್ವಿಂಗ್ ಅನ್ನು ಸೊಂಟದ ಎತ್ತರಕ್ಕೆ ಮಿತಗೊಳಿಸಿ, ಅಂಗಿಯ ಗುಂಡಿಗಳು ಗುರಿಯನ್ನೂ ದಾಟಿ ಎಡಕ್ಕೆ ತಿರುಗುವ ತನಕ ಎದೆ ನಿಲ್ಲದಂತೆ ನೋಡಿಕೊಳ್ಳಿ. ಹೊಡೆತದ ನಂತರ ಕ್ಲಬ್ ಸೊಂಟದ ಎತ್ತರಕ್ಕೆ ಬಂದಾಗ ಕೈಗಳು ಮೈಗೆ ಹತ್ತಿರವಾಗಿ ಎಡಕ್ಕೆ ಸಾಗಿರಬೇಕು, ಗ್ಲೌಸ್‌ನ ಹಿಂಬದಿ ನೆಲದತ್ತ ಮಗುಚಿಕೊಂಡಿರಬಾರದು. ಈ ಸಣ್ಣ ಹೊಡೆತದಲ್ಲಿ ಚೆಂಡು ನೇರವಾಗಿ ಹೋಗತೊಡಗಿದ ಮೇಲಷ್ಟೇ ಮುಕ್ಕಾಲು ಸ್ವಿಂಗ್, ಅದಾದ ಮೇಲೆ ಪೂರ್ಣ ಸ್ವಿಂಗ್. ಹುಲ್ಲಿನ ಮೇಲೆ ಅಭ್ಯಾಸ ಮಾಡುವಾಗ ಕ್ಲಬ್ ಕಿತ್ತ ಮಣ್ಣಿನ ಗುರುತು ಎತ್ತ ಮುಖಮಾಡಿದೆ ಎಂಬುದನ್ನು ಪ್ರತಿ ಬಾರಿಯೂ ನೋಡಿ. ಮಳೆಗಾಲದ ಮೆತ್ತನೆಯ ನೆಲ ಇದಕ್ಕೆ ಬಹಳ ಅನುಕೂಲ. ಆ ಗುರುತು ಬಲಕ್ಕೆ ತೋರಿಸುವುದು ಕಡಿಮೆಯಾಗುತ್ತಾ ಬಂದರೆ ಹಾದಿ ಸರಿಯಾಗುತ್ತಿದೆ ಎಂದೇ ತಿಳಿಯಿರಿ.

ಗ್ರಿಪ್‌ನ ಪರಿಶೀಲನೆ ಇದಾದ ಮೇಲೆ. ಕ್ಲಬ್ ಹಿಡಿದು ಕೆಳಗೆ ನೋಡಿದಾಗ ಎಡಗೈಯ ಎರಡು, ಹೆಚ್ಚೆಂದರೆ ಎರಡೂವರೆ ಬೆರಳಗೆಣ್ಣುಗಳು ಕಂಡರೆ ಸಾಕು. ನಾಲ್ಕೂ ಕಾಣುತ್ತಿದ್ದರೆ, ಅಥವಾ ಬಲ ಅಂಗೈ ಕೋಲಿನ ಅಡಿಗೆ ಸರಿದು ಆಕಾಶ ನೋಡುತ್ತಿದ್ದರೆ, ಅರ್ಧ ಬೆರಳಿನಷ್ಟು ಮಾತ್ರ ಎಡಕ್ಕೆ ತಿರುಗಿಸಿ.

ನಿಮ್ಮ ಕಡೆಯ ಏರಿಳಿತದ ನೆಲದ ಬಗ್ಗೆಯೂ ಒಂದು ಮಾತು ಹೇಳಬೇಕು. ಚೆಂಡು ನಿಮ್ಮ ಪಾದಗಳಿಗಿಂತ ಎತ್ತರದಲ್ಲಿ ಇರುವ ಇಳಿಜಾರಿನಲ್ಲಿ, ಯಾವ ದೋಷವೂ ಇಲ್ಲದ ಬಲಗೈ ಆಟಗಾರನ ಚೆಂಡು ಕೂಡ ಎಡಕ್ಕೆ ಹೋಗುತ್ತದೆ, ಏಕೆಂದರೆ ಅಲ್ಲಿ ಲಾಫ್ಟ್ (ಮುಖವು ಮೇಲಕ್ಕೆ ವಾಲಿರುವ ಕೋನ) ಇರುವ ಮುಖವೇ ಎಡಕ್ಕೆ ನೋಡುತ್ತದೆ. ಅಂಥ ಕಡೆ ಮಾತ್ರ ಬಲಕ್ಕೆ ಗುರಿಯಿಡುವುದು ಸರಿ. ಅಲ್ಲಿ ಆದ ಹುಕ್ ಅನ್ನು ನಿಮ್ಮ ಸ್ವಿಂಗ್‌ನ ಲೆಕ್ಕಕ್ಕೆ ಸೇರಿಸಿಕೊಂಡು ಕೊರಗಬೇಡಿ.

ಪ್ರಶ್ನೆ: ನನ್ನ ಐರನ್ ಹೊಡೆತಗಳು ಬಹುತೇಕ ನೇರವಾಗಿವೆ. ಡ್ರೈವರ್ ಹಿಡಿದರೆ ಮಾತ್ರ ಚೆಂಡು ಎಡಕ್ಕೆ ಬಾಗುತ್ತದೆ. ಒಂದೇ ಸ್ವಿಂಗ್‌ಗೆ ಎರಡು ಫಲಗಳು ಹೇಗೆ?
— ಓದುಗರೊಬ್ಬರು, ಮೈಸೂರು

ಉತ್ತರ: ಐರನ್‌ನಲ್ಲಿಯೂ ನಿಮಗೆ ಅದೇ ಒಲವು ಸ್ವಲ್ಪಮಟ್ಟಿಗೆ ಇರಬಹುದು, ಆದರೆ ಅದು ಮರೆಯಾಗಿರುತ್ತದೆ. ಲಾಫ್ಟ್ ಹೆಚ್ಚಿರುವ ಕ್ಲಬ್ ಚೆಂಡಿಗೆ ಹಿಮ್ಮುಖ ತಿರುಗುವಿಕೆಯನ್ನು ಹೆಚ್ಚು ಕೊಡುವುದರಿಂದ, ಮುಖಕ್ಕೂ ಹಾದಿಗೂ ಅಷ್ಟೇ ಅಂತರವಿದ್ದರೂ ಅಕ್ಷ ಕಡಿಮೆ ವಾಲುತ್ತದೆ. ಡ್ರೈವರ್‌ನ ಲಾಫ್ಟ್ ಸಾಮಾನ್ಯವಾಗಿ 9ರಿಂದ 12 ಡಿಗ್ರಿ ಮಾತ್ರವಾದ್ದರಿಂದ ಅದು ಯಾವ ತಪ್ಪನ್ನೂ ಮುಚ್ಚಿಡುವುದಿಲ್ಲ.

ಆದರೆ ಡ್ರೈವರ್‌ಗೇ ವಿಶಿಷ್ಟವಾದ ಇನ್ನೊಂದು ಕಾರಣವಿದೆ, ಅದನ್ನು ಮೊದಲು ಪರೀಕ್ಷಿಸಿ. ಚೆಂಡು ಮುಖದ ನಡುವಿಗೆ ಬದಲಾಗಿ ತುದಿಯ ಕಡೆಗೆ, ಅಂದರೆ ನಿಮ್ಮಿಂದ ದೂರದ ಭಾಗಕ್ಕೆ, ತಾಗಿದರೆ ಕ್ಲಬ್‌ನ ತಲೆ ಹಿಂದಕ್ಕೆ ಹೊರಳುತ್ತದೆ. ಹಲ್ಲಿನ ಎರಡು ಚಕ್ರಗಳು ಪರಸ್ಪರ ವಿರುದ್ಧ ದಿಕ್ಕಿಗೆ ತಿರುಗುವಂತೆ ಚೆಂಡಿಗೆ ಎಡಕ್ಕೆ ಬಾಗಿಸುವ ತಿರುಗುವಿಕೆ ಬರುತ್ತದೆ. ಇದನ್ನು ಸರಿದೂಗಿಸಲೆಂದೇ ಡ್ರೈವರ್‌ನ ಮುಖವನ್ನು ತುಸು ಉಬ್ಬಾಗಿ ಮಾಡಿರುತ್ತಾರೆ. ಚೆಂಡಿನ ಹಿಂಬದಿಯಲ್ಲಿ ವೈಟ್‌ಬೋರ್ಡ್ ಮಾರ್ಕರ್‌ನಿಂದ ದಪ್ಪ ಚುಕ್ಕೆ ಇಟ್ಟು ಹತ್ತು ಚೆಂಡು ಹೊಡೆದರೆ, ಮುಖದ ಮೇಲೆ ಉಳಿಯುವ ಗುರುತು ಎಲ್ಲವನ್ನೂ ಹೇಳುತ್ತದೆ. ಗುರುತುಗಳು ತುದಿಯಲ್ಲೇ ಇದ್ದರೆ ಸ್ವಿಂಗ್ ಅನ್ನು ಮುಟ್ಟಬೇಡಿ. ಚೆಂಡಿಗೆ ಸ್ವಲ್ಪ ಹತ್ತಿರ ನಿಂತು, ಭಾರವು ಹಿಮ್ಮಡಿಗೆ ಜಾರದಂತೆ ನೋಡಿಕೊಳ್ಳಿ. ಇದು ಸರಿಯಾಗುವವರೆಗೆ ಪಂದ್ಯಗಳಲ್ಲಿ ಟೀ ಹೊಡೆತವನ್ನು (ಪ್ರತಿ ಕುಳಿಯ ಮೊದಲ ಹೊಡೆತ) 3ನೇ ವುಡ್‌ನಿಂದ (ಡ್ರೈವರ್‌ಗಿಂತ ಚಿಕ್ಕ ತಲೆಯ ಕ್ಲಬ್) ಹೊಡೆಯುವುದು ಜಾಣತನ.

ಪ್ರಶ್ನೆ: ಹೊಸ ಡ್ರೈವರ್ ಕೊಂಡರೆ ಹುಕ್ ಹೋಗುತ್ತದೆಯೇ?
— ಓದುಗರೊಬ್ಬರು, ಬೆಂಗಳೂರು

ಉತ್ತರ: ಕೊಳ್ಳುವ ಮುನ್ನ ಕೈಯಲ್ಲಿರುವುದನ್ನು ನೋಡಿ. ಹವ್ಯಾಸಿ ಆಟಗಾರರಲ್ಲಿ ಹೆಚ್ಚಿನವರಿಗೆ ಸ್ಲೈಸ್‌ನ ತೊಂದರೆ ಇರುವುದರಿಂದ, ಚೆಂಡನ್ನು ಎಡಕ್ಕೆ ಬಾಗಿಸಲು ನೆರವಾಗುವಂತೆ ತಲೆಯ ಹಿಮ್ಮಡಿಯ, ಅಂದರೆ ಕೋಲು ಸೇರುವ, ಬದಿಗೆ ತೂಕವಿಟ್ಟ ಡ್ರೈವರ್‌ಗಳು ಮಾರುಕಟ್ಟೆಯಲ್ಲಿ ಬಹಳ ಇವೆ. ನಿಮ್ಮದೂ ಅಂಥದ್ದಾಗಿದ್ದರೆ ಅದು ನಿಮ್ಮ ದೋಷಕ್ಕೆ ಗೊಬ್ಬರ ಹಾಕುತ್ತಿದೆ. ಕುತ್ತಿಗೆಯ ಬಳಿ ತಿರುಗಿಸಿ ಲಾಫ್ಟ್ ಹೆಚ್ಚಿಸುವ ಸೌಲಭ್ಯವಿರುವ ಡ್ರೈವರ್‌ಗಳಲ್ಲಿ, ಲಾಫ್ಟ್ ಹೆಚ್ಚಿಸಿದಾಗ ಮುಖ ಎಡಕ್ಕೆ ಮುಚ್ಚಿಕೊಳ್ಳುತ್ತದೆ ಎಂಬುದೂ ಹಲವರಿಗೆ ತಿಳಿದಿರುವುದಿಲ್ಲ. ನಿಮ್ಮ ವೇಗಕ್ಕೆ ಕೋಲು ತೀರಾ ಬಳುಕುವಂತಿದ್ದರೆ, ಹಿಡಿ ನಿಮ್ಮ ಅಂಗೈಗೆ ತೀರಾ ಸಣ್ಣದಾಗಿದ್ದರೆ, ಕೆಲವರಲ್ಲಿ ಮುಖ ಬೇಗ ಮುಚ್ಚುತ್ತದೆ. ಹಿಡಿಯನ್ನು ದಪ್ಪಗೊಳಿಸುವ ಖರ್ಚು ಹೊಸ ಡ್ರೈವರ್‌ನ ಬೆಲೆಗೆ ಹೋಲಿಸಿದರೆ ಅಲ್ಪ. ಇವೆಲ್ಲವೂ ಸರಿಯಿದ್ದು ಹುಕ್ ಉಳಿದಿದ್ದರೆ ಕ್ಲಬ್ ಬದಲಿಸುವುದು ವ್ಯರ್ಥ. ಆ ಹಣದಲ್ಲಿ ಶಿಕ್ಷಕರೊಬ್ಬರ ಬಳಿ ನಾಲ್ಕಾರು ಪಾಠ ತೆಗೆದುಕೊಳ್ಳಿ, ಮೊದಲ ಪಾಠದಲ್ಲಿಯೇ ಚೆಂಡು ಹೊರಡುವ ದಿಕ್ಕನ್ನೂ ಬಾಗುವ ದಿಕ್ಕನ್ನೂ ಅವರಿಗೆ ಬೇರೆಬೇರೆಯಾಗಿ ತಿಳಿಸಿ.